ನಿಲ್ಲದಿದ್ದರೆ ತಂಪು

"ಇನ್ನು ಮೇಲೆ ನಮ್ಮ ಕಾರಿಗೆ ಡಾಕ್ಟರೂ ನಾನೇ, ಸರ್ಜನ್ನೂ ನಾನೇ, ನರ್ಸೂ ನಾನೇ!"

ಒಂದು ಶನಿವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ಹೀಗೆ ಘೋಷಿಸಿದೆ. ನನ್ನ ಹೆಂಡತಿ ಚಪ್ಪಾಳೆ ತಟ್ಟಲಿಲ್ಲ. ಅವಳ ಎರಡೂ ಕೈಯಲ್ಲಿ ಕ್ರೀಮು ತುಂಬಿದ ಚೀಲವಿತ್ತು. ತಟ್ಟಿದ್ದರೆ ಗೋಡೆಯ ಮೇಲೆ ಗುಲಾಬಿ ಅರಳುತ್ತಿತ್ತು.

"ಮೆಕ್ಯಾನಿಕ್ ಫೋನ್ ಎತ್ತಿದ್ನಾ?" ಎಂದು ಮಾತ್ರ ಕೇಳಿದಳು.

"ಅವನು ಮಾವನ ಮನೆಗೆ ಹೋಗಿದ್ದಾನಂತೆ. ಮಾವನ ಮನೆಗೆ ಹೋದ ಗಂಡಸಿನ ಫೋನು ಯಾವತ್ತಾದರೂ ಸಿಗುತ್ತಾ?"

ಕಥೆ ಇಷ್ಟೇ. ನಮ್ಮ ಕಾರಿನ ಎಸಿ ಕೆಟ್ಟಿತ್ತು. ಮೆಕ್ಯಾನಿಕ್ ಕಾರಿನ ಮೂತಿಯನ್ನೆಲ್ಲ ಬಿಚ್ಚಿ, ಒಳಗಿದ್ದ ಏನನ್ನೋ ಹೊರಗಿಟ್ಟು, ಹೊರಗಿದ್ದ ಏನನ್ನೋ ಒಳಗಿಟ್ಟು, ಹಿಂದಿನ ಸಂಜೆ ವಾಪಸು ಕೊಟ್ಟಿದ್ದ. ಗ್ಯಾರೇಜಿನಿಂದ ಮನೆಯವರೆಗೆ ಹಲ್ಲು ಕಟಕಟ ಎನ್ನುವಷ್ಟು ತಂಪು! ಗೇಟು ತೆರೆಯಲೆಂದು ಕಾರು ನಿಂತಿತೋ ಇಲ್ಲವೋ, ಜ್ವರದವರು ಮುಖಕ್ಕೆ ಉಸಿರು ಬಿಟ್ಟ ಹಾಗೆ ಬಿಸಿಗಾಳಿ. ಗೇಟು ತೆರೆದು ಒಳಗೆ ಹೊರಟರೆ ಮತ್ತೆ ತಂಪು. ನಿಂತರೆ ಮತ್ತೆ ಜ್ವರ.

ಬೇರೆ ದಿನವಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಆ ದಿನ ಸಂಜೆ ಕೇಕು ಹೋಗಬೇಕಿತ್ತು. ಅಕ್ಕಪಕ್ಕದ ಮನೆಯ ಮಕ್ಕಳ ಹುಟ್ಟುಹಬ್ಬಕ್ಕೆ ಕೇಕು ಮಾಡಿಕೊಡುತ್ತ ಕೈ ಪಳಗಿಸಿಕೊಂಡಿದ್ದ ನನ್ನ ಹೆಂಡತಿಗೆ ಮೊದಲ ದೊಡ್ಡ ಆರ್ಡರು ಬಂದಿತ್ತು. ಹಿರಿಯ ದಂಪತಿಗಳೊಬ್ಬರ ಮದುವೆಯ ಐವತ್ತನೇ ವರ್ಷದ ಸಮಾರಂಭ. ಮೂರಂತಸ್ತಿನ ಕೇಕು, ಮೈತುಂಬ ಬೆಣ್ಣೆಯ ಕ್ರೀಮು, ಅದರ ಮೇಲೆ ಕ್ರೀಮಿನದೇ ಗುಲಾಬಿಗಳು. ಆರ್ಡರು ಕೊಟ್ಟವರು ಆ ದಂಪತಿಗಳ ಮಗಳು, ಒಬ್ಬ ದಂತವೈದ್ಯೆ. ಊರಿಗೆಲ್ಲ ಸಿಹಿ ತಿನ್ನಬೇಡಿ ಎನ್ನುವವರು ಮೂರಂತಸ್ತು ಕಟ್ಟಿಸುತ್ತಿದ್ದಾರೆಂದರೆ ಎಂಥ ಸಮಾರಂಭ ಇರಬೇಕು! ಆ ಕೇಕಿಗಾಗಿಯೇ ಎಸಿ ರಿಪೇರಿ ಮಾಡಿಸಿದ್ದೆವು. ಹೊರಗೆ ಬೆಳಿಗ್ಗೆಯೇ ಬಿಸಿಲು ಸಿಮೆಂಟು ನೆಲದ ಮೇಲೆ ದೋಸೆ ಹುಯ್ಯುವಷ್ಟಿತ್ತು.

"ರೀ, ತಣ್ಣಗಿನ ವ್ಯಾನ್ ಸಿಗುತ್ತಂತೆ. ಈಗಲೇ ಹೇಳಿಬಿಡೋಣ," ಎಂದಳು.

"ಮನೇಲಿ ಕಾರಿಟ್ಟುಕೊಂಡು ಬಾಡಿಗೆ ವ್ಯಾನಾ? ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೆ!"

"ನನ್ನ ಭಯಾನೂ ಅದೇ. ನನ್ನ ಬೆಣ್ಣೆ ದಾರೀಲಿ ತುಪ್ಪ ಆಗೋದು ಬೇಡ ಅಂತ."

ನಾನು ನಕ್ಕೆ. ನಾನೇನು ಸಾಮಾನ್ಯ ಮನುಷ್ಯನೇ? ಲಿಫ್ಟ್ ಕಂಪನಿಯ ದೂರು ವಿಭಾಗದಲ್ಲಿ ಫೋನು ಎತ್ತುವವನು! ಮಹಡಿಗಳ ನಡುವೆ ಸಿಕ್ಕಿಕೊಂಡು ಕಿರುಚುವವರಿಗೆ "ಗಾಬರಿಯಾಗಬೇಡಿ, ಗುಂಡಿ ಒತ್ತಿ ನೋಡಿದಿರಾ?" ಎಂದು ಕೇಳಿ ಕೇಳಿ ನನ್ನ ನಾಲಿಗೆ ಯಂತ್ರಗಳ ಮರ್ಮವನ್ನೆಲ್ಲ ಅರಿತಿತ್ತು. ಕೈ ಮಾತ್ರ ಇನ್ನೂ ಅರಿತಿರಲಿಲ್ಲ. ಆದರೆ ಅದೆಷ್ಟು ಹೊತ್ತಿನ ಕೆಲಸ?

ಸ್ಕ್ರೂಡ್ರೈವರ್ ಹಿಡಿದು ಅಂಗಳಕ್ಕಿಳಿದು ಬಾನೆಟ್ ಎತ್ತಿದೆ. ಬಾನೆಟ್ ಎತ್ತಿದ ಸದ್ದಿಗೆ ಪಕ್ಕದ ಮನೆಯ ಯಜಮಾನರು ಕಾಂಪೌಂಡಿನ ಮೇಲೆ ಪ್ರತ್ಯಕ್ಷರಾದರು. ನಮ್ಮ ಬೀದಿಯಲ್ಲಿ ಇವರಿಗೆ "ಹೇಳಿದ್ನಲ್ಲ" ಎಂದೇ ಹೆಸರು. ಏನು ನಡೆದರೂ "ನಾನು ಆವತ್ತೇ ಹೇಳಿದ್ನಲ್ಲ!" ಎನ್ನುವುದು ಅವರ ರೂಢಿ. ಆವತ್ತು ಅವರು ಏನಾದರೂ ಹೇಳಿದ್ದನ್ನು ಕೇಳಿದವರು ಯಾರೂ ಇಲ್ಲ.

ಎಂಜಿನ್ ಶುರು ಮಾಡಿ, ಎಸಿ ಹಾಕಿ, ಅವರೂ ಈಚೆ ಬಂದ ಮೇಲೆ ಇಬ್ಬರೂ ಬಗ್ಗಿ ನೋಡಿದೆವು. ಮುಂದೆ ಎರಡು ಫ್ಯಾನುಗಳಿದ್ದವು. ಒಂದು ಆಗಾಗ ಗರಗರ ತಿರುಗುತ್ತಿತ್ತು. ಇನ್ನೊಂದು ಅಲ್ಲಾಡದೆ ನಿಂತಿತ್ತು.

"ಇದು ಯಾಕೆ ಸುಮ್ಮನಿದೆ?" ಎಂದೆ.

ಹೇಳಿದ್ನಲ್ಲ ಯಜಮಾನರು ಗಲ್ಲ ಕೆರೆದುಕೊಂಡರು. "ಪಾಳಿ ಇರಬೇಕು. ಅದರದ್ದು ಮುಗಿದ ಮೇಲೆ ಇದರದ್ದು."

ಎಷ್ಟು ನ್ಯಾಯವಾದ ಮಾತು! ನಮ್ಮ ಆಫೀಸಿನಲ್ಲೂ ಹಾಗೇ. ನಾನು ಒಪ್ಪಿಬಿಟ್ಟೆ. ಆ ಸುಮ್ಮನಿದ್ದ ಫ್ಯಾನಿನ ಪಕ್ಕದಲ್ಲೇ ಒಂದು ವಯರು, ತುದಿಯಲ್ಲಿ ಪುಟ್ಟ ಪ್ಲಗ್ಗಿನೊಂದಿಗೆ, ಯಾರಿಗೂ ಬೇಡವಾದ ನೆಂಟನ ಹಾಗೆ ಜೋತಾಡುತ್ತಿತ್ತು.

"ನೋಡಿ ಆ ಮೆಕ್ಯಾನಿಕ್ ಕೆಲಸ! ಉಳಿದ ವಯರು ಕತ್ತರಿಸೋದು ಬಿಟ್ಟು ಹಾಗೇ ನೇತಾಡೋಕೆ ಬಿಟ್ಟಿದ್ದಾನೆ. ಫ್ಯಾನಿಗೆ ಸಿಕ್ಕಿಕೊಂಡರೆ ಗತಿಯೇನು?" ಎಂದು ಗುಡುಗಿ, ಒಳಗೆ ಹೋಗಿ ಕೇಕಿನ ಡಬ್ಬಿಗೆ ಕಟ್ಟುವ ಕೆಂಪು ರಿಬ್ಬನ್ ಒಂದು ತುಂಡು ತಂದು, ಆ ವಯರನ್ನು ಪಕ್ಕದ ಕಂಬಿಗೆ ಬಿಗಿಯಾಗಿ ಕಟ್ಟಿದೆ. ಚಿಟ್ಟೆ ಗಂಟು. ನೋಡಲು ಬಹಳ ಚೆನ್ನಾಗಿತ್ತು.

ಆಮೇಲೆ ಫ್ಯೂಸಿನ ಪೆಟ್ಟಿಗೆ. ಬಣ್ಣಬಣ್ಣದ ಪುಟ್ಟ ತುಂಡುಗಳು, ಮಕ್ಕಳ ಪೆಪ್ಪರ್‌ಮಿಂಟಿನ ಹಾಗೆ. ಒಂದೊಂದನ್ನೇ ಕಿತ್ತು, ಊದಿ, ಬನಿಯನ್ನಿಗೆ ಒರೆಸಿ, ಬಿಸಿಲಿಗೆ ಹಿಡಿದು ನೋಡಿ, ಮತ್ತೆ ಕೂರಿಸುತ್ತ ಹೋದೆ. ನೀಲಿಯದೊಂದು ಬೆವರಿದ ಬೆರಳಿನಿಂದ ಜಾರಿತು. ಟಿಣ್, ಟಿಣ್, ಟಕ್! ಎಂಜಿನ್ನಿನ ಪಾತಾಳಕ್ಕೆ ಇಳಿದ ಸದ್ದು ಕೇಳಿಸಿತು. ಆಮೇಲೆ ಮೌನ.

"ಹೇಳಿದ್ನಲ್ಲ!" ಎಂದರು ಯಜಮಾನರು.

"ಇಷ್ಟೊಂದು ಇವೆ. ಒಂದು ಹೋದರೆ ಏನಾಗುತ್ತೆ?" ಎಂದು ಪೆಟ್ಟಿಗೆ ಮುಚ್ಚಿ, ಬೀದಿ ಸುತ್ತಿ ಬಂದೆ. ಆಹಾ, ತಂಪೋ ತಂಪು! ಗೆದ್ದೆ ಎಂದುಕೊಂಡು ಹಾರನ್ ಬಾರಿಸಿ ಹೆಂಡತಿಯನ್ನು ಕರೆದೆ. ಅವಳು ಹಿಟ್ಟಿನ ಕೈಯಲ್ಲೇ ಬಂದು ಪಕ್ಕದಲ್ಲಿ ಕೂತಳು. ಕೂತವಳು ಗಾಳಿ ಬರುವ ಕಿಂಡಿಗೆ ಅಂಗೈ ಹಿಡಿದಳು.

"ಬಿಸಿ ಬರ್ತಿದೆ."

"ನಿಂತಿದ್ದೀವಲ್ಲ, ಅದಕ್ಕೆ! ಹೊರಟರೆ ತಂಪು."

"ನಿಂತರೂ ತಂಪಿರಬೇಕಲ್ವಾ?"

"ಕಾರು ಇರೋದು ಓಡೋಕೆ ಕಣೇ! ನಿಲ್ಲೋಕೆ ಮನೆ ಇಲ್ವಾ?"

ಅವಳು ಕಿಟಕಿಯ ಗುಂಡಿ ಒತ್ತಿದಳು. ಗಾಜು ಇಳಿಯಲಿಲ್ಲ. ಇನ್ನೊಂದು ಸಲ ಒತ್ತಿದಳು. ನಾನು ನನ್ನ ಕಡೆಯದನ್ನು ಒತ್ತಿದೆ. ನಾಲ್ಕು ಕಿಟಕಿಗಳೂ ಒಮ್ಮತದಿಂದ ಸುಮ್ಮನಿದ್ದವು. ಪಾತಾಳ ಸೇರಿದ ನೀಲಿ ತುಂಡಿನ ಉದ್ಯೋಗ ಏನಾಗಿತ್ತೆಂದು ಆಗ ತಿಳಿಯಿತು.

"ಬೆಳಿಗ್ಗೆ ಕಿಟಕಿ ಸರಿಯಾಗಿತ್ತು," ಎಂದಳು, ಬಹಳ ನಿಧಾನವಾಗಿ.

"ಎಸಿ ಕಾರಿನಲ್ಲಿ ಕಿಟಕಿ ತೆಗೆದರೆ ತಂಪು ಹೊರಗೆ ಹೋಗುತ್ತೆ. ಒಳ್ಳೇದೇ ಆಯ್ತು!"

ಅವಳು ಇಳಿದು ಹೋಗಿ ವ್ಯಾನಿನವರಿಗೆ ಫೋನು ಮಾಡಿದಳು. ಒಬ್ಬ ಬೆಳಿಗ್ಗೆ ಹೇಳಿದ್ದರೆ ಬರುತ್ತಿದ್ದನಂತೆ. ಇನ್ನೊಬ್ಬ ಬೆಳಿಗ್ಗೆ ಹೇಳಿದ್ದರೂ ಬರುತ್ತಿರಲಿಲ್ಲವಂತೆ. ಬೇರೆ ದಾರಿ ಇರಲಿಲ್ಲ.

ಸಂಜೆ ಬಿಸಿಲು ಇಳಿಯುವ ಲಕ್ಷಣವೇ ಇಲ್ಲದಿದ್ದಾಗ ಹೊರಟೆವು. ಹಿಂದಿನ ಸೀಟಿನ ಅರ್ಧ ಮಡಚಿ, ಹಲಗೆ ಹಾಸಿ, ಅದರ ಮೇಲೆ ಕೇಕನ್ನು ಕೂರಿಸಿ, ಉಳಿದ ಅರ್ಧದಲ್ಲಿ ನಮ್ಮ ಅತ್ತೆಯವರನ್ನು ಕೂರಿಸಿದೆವು. ಅಂದರೆ ನನ್ನ ಹೆಂಡತಿಯ ತಾಯಿ. ಕೇಕು ವಾಲಿದರೆ ಹಿಡಿಯುವುದು ಅವರ ಕೆಲಸ. ಲೋಕ ಮುಳುಗಿದರೂ ಅವರ ಮುಖದಲ್ಲಿ ಒಂದು ಗೆರೆ ಬದಲಾಗುವುದಿಲ್ಲ. ಕಾರಿನಲ್ಲಿ ತಿರುಗುವುದೆಂದರೆ ಮಾತ್ರ ಬಲು ಇಷ್ಟ.

"ಅಳಿಯಂದಿರೇ, ನಿಧಾನವಾಗಿ ಹೋಗಿ. ನನಗೇನೂ ಅವಸರ ಇಲ್ಲ," ಎಂದರು.

"ಅತ್ತೆ, ಇವತ್ತು ನಿಧಾನವಾಗಿ ಹೋಗಬಹುದು, ಜೋರಾಗಿ ಹೋಗಬಹುದು. ನಿಲ್ಲೋ ಹಾಗಿಲ್ಲ ಅಷ್ಟೇ!"

ಓದುಗರೇ, ನಮ್ಮ ರಸ್ತೆಗಳಲ್ಲಿ ನಿಲ್ಲದೆ ಹೋಗಿ ನೋಡಿ. ನಡೆಯಲು ಕಲಿತ ಮೇಲೆ ಮನುಷ್ಯ ಕಲಿಯಬೇಕಾದ ಅತಿ ಕಠಿಣ ವಿದ್ಯೆ ಅದು. ದೂರದಲ್ಲಿ ಕೆಂಪು ದೀಪ ಕಂಡೊಡನೆ ಆಮೆಯ ಹಾಗೆ ತೆವಳತೊಡಗಿದೆ, ತಲುಪುವ ಹೊತ್ತಿಗೆ ಹಸಿರಾಗಲಿ ಎಂದು. ಹಿಂದಿನವರು ಹಾರನ್ ಬಾರಿಸಿದರು. ಸೈಕಲ್ಲಿನವನೊಬ್ಬ ನಮ್ಮನ್ನು ಹಿಂದೆ ಹಾಕಿ, ಕನಿಕರದಿಂದ ತಿರುಗಿ ನೋಡಿ ಹೋದ. ನನ್ನ ಹೆಂಡತಿ ಮುಂದೆ ಕೂತು ಯುದ್ಧಭೂಮಿಯ ವರದಿ ಕೊಡುತ್ತಿದ್ದಳು.

"ಕೆಂಪು! ಮತ್ತೆ ಕೆಂಪಾಯ್ತು!"

"ಹಾಗಾದರೆ ಎಡಕ್ಕೆ!"

"ನಾವು ಹೋಗಬೇಕಾಗಿರೋದು ನೇರ ರೀ!"

"ನೇರ ಹೋಗೋಕೆ ನಿಲ್ಲಬೇಕು. ಎಡಕ್ಕೆ ಹೋಗೋಕೆ ನಿಲ್ಲಬೇಕಾಗಿಲ್ಲ!"

ಎಡಕ್ಕೆ ತಿರುಗಿ, ಮತ್ತೆ ಎಡಕ್ಕೆ ತಿರುಗಿ, ಇನ್ನೊಮ್ಮೆ ತಿರುಗಿ, ಬೇರೊಂದು ಸಿಗ್ನಲ್ಲಿಗೆ ಬಂದೆವು ಎಂದುಕೊಂಡೆ.

"ಈ ಔಷಧಿ ಅಂಗಡಿ ಆಗಲೇ ನೋಡಿದ ಹಾಗಿದೆ," ಎಂದರು ಅತ್ತೆ, ಸಂತೋಷದಿಂದ.

ಹಾಗೂ ಹೀಗೂ ಕೇಕು ವಾಲದೆ, ಬೆವರದೆ, ಸಮಾರಂಭ ನಡೆಯುವ ಹಾಲ್‌ನ ಅಂಗಳ ಸೇರಿತು. ನಾನು ಎದೆಯುಬ್ಬಿಸಿದೆ. ಆದರೆ ನಿಲ್ಲಿಸಲಿಲ್ಲ. ಅಂಗಳದ ನಡುವೆ ಒಂದು ಕಾರಂಜಿ, ಅದರ ಸುತ್ತ ದುಂಡಗಿನ ದಾರಿ. ಎಂಥ ಅದೃಷ್ಟ! ಸುತ್ತತೊಡಗಿದೆ. ಮೆಟ್ಟಿಲ ಮೇಲೆ ಟೈ ಕಟ್ಟಿದ ಮ್ಯಾನೇಜರ್ ನಿಂತಿದ್ದ. ಕಿಟಕಿ ಇಳಿಯದ್ದರಿಂದ ನನ್ನ ಹೆಂಡತಿ ಬಾಗಿಲನ್ನು ಗೇಣಷ್ಟು ತೆರೆದು ಕೂಗಿದಳು.

"ಕೇಕ್ ತಂದಿದ್ದೀವಿ! ಎಲ್ಲಿ ಇಡಬೇಕು?"

ಅವನು ಬಾಯಿ ತೆರೆಯುವಷ್ಟರಲ್ಲಿ ನಾವು ಕಾರಂಜಿಯ ಆಚೆಗಿದ್ದೆವು. ಮುಂದಿನ ಸುತ್ತಿಗೆ ಉತ್ತರ ಬಂತು.

"ಹಿಂದೆ ಕೋಲ್ಡ್ ರೂಮಲ್ಲಿ! ಆದರೆ..."

ಮತ್ತೊಂದು ಸುತ್ತು. "ಆದರೆ ಏನು?"

"ಬೀಗ ಹಾಕಿದೆ! ಕೀ ಅಡುಗೆಯವನ ಹತ್ತಿರ!"

ಇನ್ನೊಂದು ಸುತ್ತು. "ಅಡುಗೆಯವನು ಎಲ್ಲಿ?"

"ಐಸ್ ತರೋಕೆ ಹೋಗಿದ್ದಾನೆ!"

ಮಗದೊಂದು ಸುತ್ತು. ಈಗ ಪ್ರಶ್ನೆ ಅವನದು. "ನೀವು ಯಾಕೆ ಹೀಗೆ ಸುತ್ತುತ್ತಿದ್ದೀರಿ?"

ಅದಕ್ಕೆ ಉತ್ತರ ಕೊಡಲು ಒಂದು ಸುತ್ತು ಸಾಲುವಂತಿರಲಿಲ್ಲ. ನನ್ನ ಹೆಂಡತಿ ಬಾಗಿಲು ಎಳೆದುಕೊಂಡಳು.

"ರೀ, ಸಾಕು, ನಿಲ್ಸಿ. ನಾನು ಒಳಗೆ ತಗೊಂಡು ಹೋಗ್ತೀನಿ."

"ನಿಲ್ಲಿಸಿದರೆ ನಿನ್ನ ಗುಲಾಬಿಗಳೆಲ್ಲ ಸಾರಾಗುತ್ತವೆ! ಇಷ್ಟು ದೂರ ಕಾಪಾಡಿಕೊಂಡು ಬಂದಿದ್ದೀನಿ. ಕೀ ಬರಲಿ, ಆಮೇಲೆ ನಿಲ್ಲಿಸ್ತೀನಿ."

ಗಂಡಾಗುಂಡಿ ಮಾಡಿದವನಿಗೆ ಗಂಭೀರ ಧ್ವನಿ ತಾನಾಗಿ ಬರುತ್ತದೆ.  ಆಗ ಹಿಂದಿನಿಂದ ಅತ್ತೆ ಮಾತಾಡಿದರು.

"ಅಳಿಯಂದಿರೇ, ನಮ್ಮ ಹಿಂದೆ ಒಂದು ಬಿಳಿ ಕಾರು ಬರ್ತಿದೆ."

"ಬರಲಿ ಬಿಡಿ ಅತ್ತೆ. ಸಮಾರಂಭಕ್ಕೆ ಬಂದವರು."

"ಅದರ ಹಿಂದೆ ಇನ್ನೊಂದು."

"ಗಾಡಿ ನಿಲ್ಲಿಸೋಕೆ ಜಾಗ ಹುಡುಕ್ತಿರಬೇಕು."

"ಜಾಗ ಎಲ್ಲಾ ಖಾಲಿ ಇದೆಯಲ್ಲ? ಅವರು ನಿಮ್ಮನ್ನೇ ನೋಡ್ಕೊಂಡು ಬರೋ ಹಾಗಿದೆ."

ಕನ್ನಡಿಯಲ್ಲಿ ನೋಡಿದೆ.  ಬಂದ ಅತಿಥಿಗಳೆಲ್ಲ, ಮುಂದೆ ಇಷ್ಟು ಆತ್ಮವಿಶ್ವಾಸದಿಂದ ಒಬ್ಬ ಸುತ್ತುತ್ತಿದ್ದಾನೆಂದರೆ ದಾರಿ ಇದೇ ಇರಬೇಕು ಎಂದು ನಂಬಿ, ನನ್ನ ಹಿಂದೆ ಸಾಲುಗಟ್ಟಿದ್ದರು! ಬಿಳಿಯದು, ಕರಿಯದು, ಒಂದು ಮಿನಿ ಬಸ್ಸು, ಅದರ ಹಿಂದೆ ಹೂವಿನ ಹಾರ ಹಾಕಿದ ಕಾರು. ಹಾರದ ಕಾರಿನಲ್ಲಿ ಐವತ್ತನೇ ವರ್ಷಾಚರಣೆಯ ದಂಪತಿಗಳೇ ಕೂತಿದ್ದರು. ಬಾವಲಿ ಮನೆಗೆ ಬಾವಲಿ ಬಂದರೆ ನೀನೂ ನೇತಾಡು ಎಂದಂತೆ, ಬಂದಬಂದವರೆಲ್ಲ ಸುತ್ತುತ್ತಿದ್ದರು. ಸಾಲು ಬೆಳೆದು ಬೆಳೆದು, ಕೊನೆಯ ಕಾರಿನ ಹಿಂಭಾಗ ನನ್ನ ಮೂತಿಯ ಮುಂದೆಯೇ ಬಂತು. ಹಾವು ತನ್ನ ಬಾಲವನ್ನೇ ಕಚ್ಚಿಕೊಂಡ ಹಾಗೆ ಚಕ್ರ ಮುಚ್ಚಿಕೊಂಡಿತು. ಯಾರೋ ಒಬ್ಬರು ಬ್ರೇಕು ಹಾಕಿದರು.

ಎಲ್ಲರೂ ನಿಂತರು. ಅಂದರೆ, ನಾನೂ ನಿಂತೆ.

ಎಸಿ ಒಂದು ನಿಟ್ಟುಸಿರು ಬಿಟ್ಟು, ಬಿಸಿ ಊದತೊಡಗಿತು. ಗಾಜಿನೊಳಗೆ ಬಿಸಿಲು. ಮುಂದೆ ಸಾಲಿನ ಕೊನೆಯ ಕಾರು, ಹಿಂದೆ ಹಾರನ್ನುಗಳ ಮೇಳ. ನನ್ನ ಹಣೆಯಿಂದ ಬೆವರು ಹರಿಯಿತು. ಹಿಂದೆ, ಮೇಲಂತಸ್ತಿನ ಒಂದು ಗುಲಾಬಿ ಕಾಲು ಜಾರಿದವರ ಹಾಗೆ ಮೆಲ್ಲಗೆ ಇಳಿದು, ನಡುವಿನ ಅಂತಸ್ತಿನ ಅಂಚಿನಲ್ಲಿ ಕ್ಷಣ ನಿಂತು ಯೋಚಿಸಿ, ಅತ್ತೆಯ ಅಂಗೈಗೆ ಬಿತ್ತು.

"ಒಂದು ಬಂತು," ಎಂದರು ಅತ್ತೆ.

ನಾನು ಹೆಂಡತಿಯ ಮುಖ ನೋಡಿದೆ. ಬೈಗುಳಕ್ಕೆ ಬೆನ್ನು ಬಗ್ಗಿಸಿ ಕೂತಿದ್ದೆ. ಅವಳು ಬೈಯಲಿಲ್ಲ. ಹಿಂದೆ ತಿರುಗಿ ಕೇಕನ್ನೇ ನೋಡುತ್ತಿದ್ದಳು. ಆ ಗುಲಾಬಿಗಳ ಒಂದೊಂದು ಎಸಳಿಗೂ ಎರಡು ದಿನದಿಂದ ಬಗ್ಗಿಸಿದ ಕತ್ತು ಎತ್ತದೆ ಕೂತಿದ್ದವಳು ಅವಳು. ಕಣ್ಣಂಚು ಒದ್ದೆಯಾಯಿತು. ಅಷ್ಟೇ. ನನಗೆ ಬೈಸಿಕೊಂಡಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಅವಳು ಸೆರಗು ಸಿಕ್ಕಿಸಿ ಬಾಗಿಲು ತೆರೆದು ಇಳಿದಳು. "ಅಮ್ಮಾ, ಆ ತುದಿ ಹಿಡ್ಕೋ," ಎಂದಳು. ತಾಯಿ ಮಗಳು ಹಲಗೆಯ ಎರಡು ತುದಿ ಹಿಡಿದು, ಕಾರುಗಳ ನಡುವಿನ ಸಂದಿಯಲ್ಲಿ, ತುಂಬಿದ ಕೊಡ ಹೊತ್ತವರ ಹಾಗೆ ನಡೆದರು. ಹಾರನ್ನುಗಳು ಒಂದೊಂದಾಗಿ ನಿಂತವು. ಮೆಟ್ಟಿಲು ಹತ್ತಿದರು. ಮ್ಯಾನೇಜರ್ ಹಾಲಿನ ಗಾಜಿನ ಬಾಗಿಲು ತೆರೆದ. ಅವರು ಒಳಗೆ ಹೋದರು. ನಾನು ಸೀಟಿನಲ್ಲಿ ಬೇಯುತ್ತ ಕೂತೆ.

ಅತ್ತೆ ಒಬ್ಬರೇ ವಾಪಸು ಬಂದರು. ಮೈತುಂಬ ಸೆರಗು ಹೊದ್ದಿದ್ದರು.

"ಏನತ್ತೆ, ಕೇಕು?"

"ಚೆನ್ನಾಗಿದೆ. ವೇದಿಕೆ ಮೇಲಿಟ್ಟಳು. ನನ್ನ ಶಾಲು ಸೀಟಲ್ಲಿದೆಯಾ ನೋಡಿ ಅಳಿಯಂದಿರೇ. ಒಳಗೆ ಬಲು ಚಳಿ. ಇಡೀ ಹಾಲಿಗೆ ಎಸಿ ಹಾಕಿದ್ದಾರೆ. ಬೆಳಿಗ್ಗೆಯಿಂದ ಓಡ್ತಿದೆಯಂತೆ."

ನಾನು ಶಾಲು ಕೊಟ್ಟೆ. ಬೇರೆ ಏನು ಕೊಡಲಿ?

ಅದೇ ಹೊತ್ತಿಗೆ ಫೋನು ಹೊಡೆದುಕೊಂಡಿತು. ಮೆಕ್ಯಾನಿಕ್!

"ಸಾರ್, ತಪ್ಪಾಯ್ತು, ಈಗಷ್ಟೇ ನೆನಪಾಯ್ತು. ಎಸಿ ಫ್ಯಾನಿನ ಪ್ಲಗ್ ಹಾಕೋದೇ ಮರೆತಿದ್ದೀನಿ. ಗಾಡಿ ನಿಂತಾಗ ಬಿಸಿ ಬರುತ್ತೆ. ಬಾನೆಟ್ ಎತ್ತಿದರೆ ಎದುರಿಗೇ ವಯರು ಜೋತಾಡ್ತಿರುತ್ತೆ, ಯಾರಿಗಾದರೂ ಕಾಣುತ್ತೆ. ಫ್ಯಾನಿಗೆ ಚುಚ್ಚಿಬಿಡಿ ಸಾರ್, ಸರಿಯಾಗುತ್ತೆ. ಕಂಡ್ತಾ?"

"ಕಂಡಿತ್ತು," ಎಂದೆ. ಚಿಟ್ಟೆ ಗಂಟಿನ ವಿಷಯ ಹೇಳಲಿಲ್ಲ.

ಕಾರುಗಳ ಚಕ್ರ ಬಿಡಿಸಲು ಕಾವಲುಗಾರ ಸೀಟಿ ಊದಿ ಊದಿ ಕೆನ್ನೆ ಕೆಂಪು ಮಾಡಿಕೊಂಡ. ಕೊನೆಗೆ ನನ್ನ ಕಾರನ್ನು ಮೂಲೆಗೆ ಹಾಕಿ, ಬಾನೆಟ್ ಎತ್ತಿ, ಕೆಂಪು ರಿಬ್ಬನ್ ಬಿಚ್ಚಿ, ಪ್ಲಗ್ಗು ಚುಚ್ಚಿದೆ. ಟಕ್! ಫ್ಯಾನು ಗರ್ರನೆ ತಿರುಗಿತು. ನಿಂತ ಕಾರು ಹಿಮಾಲಯವಾಯಿತು. ಒಳಗೆ ಕೇಕೂ ಇರಲಿಲ್ಲ, ಹೆಂಡತಿಯೂ ಇರಲಿಲ್ಲ.

ಅಂಗಿ ಮೈಗೆ ಅಂಟಿಕೊಂಡು, ಕೈಗೆ ಕರಿ ಮೆತ್ತಿಕೊಂಡು ಹಾಲಿನೊಳಗೆ ಹೋದೆ. ಕೇಕು ವೇದಿಕೆಯ ಮೇಲೆ ರಾಜಕುಮಾರಿಯ ಹಾಗೆ ನಿಂತಿತ್ತು. ಜಾರಿದ ಗುಲಾಬಿಯ ಜಾಗದಲ್ಲಿ ಹೊಸದೊಂದು ಅರಳಿತ್ತು. ಕ್ರೀಮಿನ ಚೀಲವನ್ನು ಅವಳು ಕೈಚೀಲದಲ್ಲಿ ತಂದಿದ್ದಳಂತೆ. ಜನ ಸುತ್ತ ನಿಂತು ಫೋಟೋ ತೆಗೆಯುತ್ತಿದ್ದರು. ದಂತವೈದ್ಯೆ ಅವಳ ಎರಡೂ ಕೈ ಹಿಡಿದುಕೊಂಡು ಏನೋ ಹೇಳುತ್ತಿದ್ದರು. ನನ್ನ ಹೆಂಡತಿಯ ಕಣ್ಣು ತುಂಬಿತ್ತು, ಈ ಸಲ ಬೇರೆ ಕಾರಣಕ್ಕೆ.

ಐವತ್ತು ವರ್ಷದ ದಾಂಪತ್ಯದ ಯಜಮಾನರು ನನ್ನನ್ನು ಗುರುತು ಹಿಡಿದರು. "ಮುಂದಿನ ಕಾರಿನವರು ನೀವೇ ಅಲ್ವಾ? ಐವತ್ತು ವರ್ಷ ಇವಳು ಹೇಳಿದ ದಾರೀಲೇ ಹೋದೆ ನೋಡಿ, ಒಂದು ತೊಂದರೆ ಆಗಲಿಲ್ಲ. ಇವತ್ತು ಮೊದಲ ಸಲ ಇನ್ನೊಬ್ಬ ಗಂಡಸನ್ನ ನಂಬಿ ಹಿಂದೆ ಹೋದೆ!"

ಅವರ ಪತ್ನಿ ನಗುತ್ತ ನನಗೊಂದು ಕರವಸ್ತ್ರ ಕೊಟ್ಟರು.

ಕೇಕು ಕತ್ತರಿಸಿ, ತಿಂದು, ಹೊಗಳಿ ಆದ ಮೇಲೆ, ರೇಷ್ಮೆ ಸೀರೆಯ ಹೆಂಗಸೊಬ್ಬರು ನನ್ನ ಹೆಂಡತಿಯ ಹತ್ತಿರ ಬಂದರು. ಮುಂದಿನ ತಿಂಗಳು ಮಗನ ಮದುವೆಯಂತೆ. ಇಂಥದೇ ಬೇಕು, ಇನ್ನೊಂದು ಅಂತಸ್ತು ಜಾಸ್ತಿ ಬೇಕಂತೆ.

"ಆದರೆ ನಮ್ಮನೆ ದೂರ ಅಮ್ಮ. ತಂದು ತಲುಪಿಸ್ತೀರಾ?" ಎಂದು ಕೇಳಿದರು.

ನನಗೆ ತಡೆಯಲಾಗಲಿಲ್ಲ. ಕರವಸ್ತ್ರ ಜೇಬಿಗೆ ತುರುಕಿ ಮುಂದೆ ಬಂದೆ. "ಅದಕ್ಕೇನಂತೆ! ನಮ್ಮದೇ ಎಸಿ ಕಾರಿದೆ. ಈಗ ನಿಂತರೂ ತಂಪು! ಖುದ್ದಾಗಿ ನಾನೇ..."

ಹೆಂಡತಿಯ ಹಿಮ್ಮಡಿ ನನ್ನ ಕಾಲ್ಬೆರಳ ಮೇಲೆ ಇಳಿಯಿತು. ಮುಖದ ನಗು ಮಾತ್ರ ಕ್ರೀಮಿನಷ್ಟೇ ಮೃದುವಾಗಿತ್ತು.

"ಖಂಡಿತ ತಲುಪಿಸ್ತೀವಿ ಅಮ್ಮ, ವ್ಯಾನಲ್ಲಿ. ನಾನು ತಂದರೆ ಮನೆಗೆ ತಲುಪಿಸ್ತೀನಿ. ಇವರು ತಂದರೆ ಮನೆ ಸುತ್ತ ತಲುಪಿಸ್ತಾರೆ!"